ಅಮಾವಾಸ್ಯೆಗೆ ಮುಂಚಿನ ಸೂಜಿ

ಪುಣೆಯ ಬಿಬವೇವಾಡಿಯಲ್ಲಿರುವ ಸಾವಂತ್ರವ್ವನಿಗೆ ವಾರದಿಂದ ಒಂದೇ ಕನಸು. ಕೆಂಪು ಮಣ್ಣಿನ ದಾರಿ, ಅದರ ತುದಿಗೆ ದೊಡ್ಡ ಕೆರೆ, ದಡದಲ್ಲಿ ಕುಳಿತ ಗಂಡ ಈರಬಸಪ್ಪ ಬಂದವರಿಗೆಲ್ಲ ಕನ್ನಡಕ ತೊಡಿಸುತ್ತಿದ್ದಾನೆ. ಇವಳು ಕರೆದರೆ ಮಾತ್ರ ತಿರುಗಿ ನೋಡುವುದಿಲ್ಲ.

ಕನಸಿಗೆ ಕಾರಣವಿತ್ತು. ಪುಣೆಯ ಕಣ್ಣಿನ ವೈದ್ಯರ ತಂಡವೊಂದು ಉಚಿತ ಸೇವೆಗೆಂದು ಉಗಾಂಡಾ ದೇಶಕ್ಕೆ ಹೊರಟಿತ್ತು. ಮೂವತ್ತು ವರ್ಷ ಕನ್ನಡಕದ ಅಂಗಡಿ ನಡೆಸಿದ ಈರಬಸಪ್ಪನನ್ನೂ ಕರೆದಿದ್ದರು. "ಡಾಕ್ಟರ್ ಮಂದಿ ನಡುವ ನಂದೇನ್ ಕೆಲಸ" ಎಂದು ಮೊದಲು ಹಿಂಜರಿದವನು ಈಗ ನಿದ್ದೆಯಲ್ಲೂ ಫ್ರೇಮು ಬಗ್ಗಿಸುತ್ತಿದ್ದ. ಆದರೆ ಹೊರಡುವ ಮುನ್ನ ಹಳದಿ ಜ್ವರದ ಲಸಿಕೆ ಆಗಬೇಕು. ಸಾವಂತ್ರವ್ವ ಅಡ್ಡಗಾಲು ಹಾಕಿದ್ದು ಅಲ್ಲೇ. ಅಮಾವಾಸ್ಯೆ ಹತ್ತಿರ ಬಂದಾಗ ಮೈಗೆ ಸೂಜಿ ತಾಗಬಾರದು ಎಂಬುದು ಅವಳ ತವರಿನ ಕಟ್ಟುನಿಟ್ಟು.

ಪಕ್ಕದ ಮನೆಯ ಉಡುಪಿ ಹುಡುಗಿ ಜ್ಯೋತ್ಸ್ನಾ ಅದೇ ತಂಡದ ನರ್ಸ್. ಅಂದು ಸಂಜೆ ಅವಳು ಬಂದಾಗ ಸಾವಂತ್ರವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ಅಕ್ಕ, ವಿಮಾನಕ್ಕೆ ಇನ್ನು ಹನ್ನೆರಡೇ ದಿನ ಉಂಟು. ಲಸಿಕೆ ಹಾಕಿಸಿ ಹತ್ತು ದಿನ ಆಗ್ಬೇಕು. ಇಲ್ಲದಿದ್ರೆ ಆ ದೇಶದೊಳಗೆ ಬಿಡುದಿಲ್ಲ."

"ಅಮಾಸಿ ಇನ್ನ ನಾಕ ದಿನ ಅದ. ಅದೊಂದು ಕಳೀಲಿ."

"ಕಳೆದ್ರೆ ಉಳಿಯುದು ಎಂಟೇ ದಿನ. ಈ ಜ್ವರ ತರುವ ಸೊಳ್ಳೆ ಪಂಚಾಂಗ ನೋಡಿ ಕಚ್ಚುದಿಲ್ಲ, ಅಕ್ಕ."

"ಅಂಥಾ ಊರಿಗೆ ಹೋಗೂದರ ಯಾಕ?"

ಜ್ಯೋತ್ಸ್ನಾ ಹೋದ ವರ್ಷ ಕಂಡದ್ದನ್ನು ಹೇಳಿದಳು. "ಅಲ್ಲಿ ಒಬ್ರು ಅಜ್ಜಿ ನಿಮ್ಮ ಹಾಗೇ ರಾಗಿ ಹಸನು ಮಾಡ್ತಿದ್ರು. ಕಣ್ಣು ಕಾಣುದಿಲ್ಲ, ಬೆರಳಲ್ಲೇ ಕಲ್ಲು ಹುಡುಕುದು. ನಾವು ಕನ್ನಡಕ ಕೊಟ್ಟೆವು. ಮುಖಕ್ಕೆ ಸರಿಯಾಗಿ ಕೂರಿಸ್ಲಿಕ್ಕೆ ಗೊತ್ತಿದ್ದವರು ಯಾರೂ ಇರ್ಲಿಲ್ಲ. ಜಾರಿ ಜಾರಿ ಬೀಳ್ತಿತ್ತು. ಕೊನೆಗೆ ತೆಗ್ದು ಪಕ್ಕಕ್ಕಿಟ್ಟು ಮತ್ತೆ ಬೆರಳಾಡಿಸಿದ್ರು."

ಸಾವಂತ್ರವ್ವ ತನ್ನ ಕನ್ನಡಕ ತೆಗೆದಳು. ಮೊರದಲ್ಲಿ ಜೋಳವೂ ಇರಲಿಲ್ಲ, ಕಲ್ಲೂ ಇರಲಿಲ್ಲ, ಬರೀ ಬಿಳಿ ಮಂಜು. ಮಂಜಿನಾಚೆ ಕನಸಿನ ಅದೇ ಕೆರೆ, ದಡದಲ್ಲಿ ಮೊರ ಹಿಡಿದ ಅಜ್ಜಿ. ಕನ್ನಡಕ ಮತ್ತೆ ಏರಿಸಿದಾಗ ಕಾಳು ಕಾಳಾಯಿತು, ಕಲ್ಲು ಕಲ್ಲಾಯಿತು. ಅದನ್ನು ಅವಳ ಮೂಗಿಗೆ ಕೂರಿಸಿಕೊಟ್ಟವನು ಈರಬಸಪ್ಪನೇ.

ಅವನು ಅಂಗಡಿಯಿಂದ ಬಂದು ಚಪ್ಪಲಿ ಬಿಡುವ ಮೊದಲೇ ಸಾವಂತ್ರವ್ವ ಹೇಳಿದಳು, "ಸೂಜಿ ತಾಗಿದ ಮೈಯಿಂದ ಪೂಜಾ ಬ್ಯಾಡ, ಅಂಗಡಿ ಅಮಾಸಿ ಪೂಜಾ ಈ ಸಲ ನಾ ಮಾಡ್ತೀನ್ರಿ. ನೀವು ನಾಳೆ ಸೂಜಿ ಹಾಕಿಸ್ಕೊಂಡ್ ಬರ್ರಿ."

"ನಿನ್ನ ತವರಮನ್ಯಾವ್ರು ಏನಂದಾರು?"

"ಅವರ ಮೂಗಿನ ಮ್ಯಾಲಿನ ಚಾಳೀಸೂ ನೀವ ಕೊಟ್ಟಿದ್ದು. ನೋಡಿ ತಿಳ್ಕೋತಾರ."

ಮರುದಿನ ಲಸಿಕೆ ಹಾಕಿಸಿದ ದಾಖಲೆಯ ಹಳದಿ ಪುಸ್ತಿಕೆ ದೇವರ ಜಗಲಿಯ ಮೇಲೆ, ವಿಭೂತಿ ಗಟ್ಟಿಯ ಪಕ್ಕ ಕುಳಿತಿತ್ತು. ಅಂದಿನ ಕನಸಿನಲ್ಲಿ ಸಾವಂತ್ರವ್ವ ಕರೆದಾಗ ಈರಬಸಪ್ಪ ತಿರುಗಿ ನಕ್ಕ.

ಓದುವ ಅಕ್ಕಂದಿರೇ, ಅಣ್ಣಂದಿರೇ, ವೈದ್ಯರ ತಂಡದೊಂದಿಗೆ ಸೇವೆಗೆ ಹೋಗಲು ವೈದ್ಯರೇ ಆಗಬೇಕಿಲ್ಲ. ಕೈಯಲ್ಲೊಂದು ಕಸುಬಿದ್ದರೆ ಕೇಳಿ ನೋಡಿ. ಹೋಗುವ ದೇಶಕ್ಕೆ ಯಾವ ಲಸಿಕೆ ಬೇಕೆಂದು ಮೊದಲೇ ತಿಳಿದುಕೊಳ್ಳಿ. ಹಳದಿ ಜ್ವರದ್ದಾದರೆ ಪಾಸ್‌ಪೋರ್ಟ್ ಹಿಡಿದು, ಸರ್ಕಾರದ ಮಾನ್ಯತೆ ಇರುವ ಕೇಂದ್ರದಲ್ಲಿ, ಕನಿಷ್ಠ ಹತ್ತು ದಿನ ಮುಂಚೆ ಹಾಕಿಸಿಕೊಳ್ಳಿ. ಅರವತ್ತು ದಾಟಿದ್ದರೆ, ಬೇರೆ ಕಾಯಿಲೆ ಇದ್ದರೆ ಮೊದಲು ವೈದ್ಯರನ್ನು ಕೇಳಿ. ಎಲ್ಲೋ ಒಬ್ಬ ಅಜ್ಜಿ ಮೊರ ಹಿಡಿದು ಕಾದಿದ್ದಾಳೆ. ಪಂಚಾಂಗ ಆಮೇಲೆ ನೋಡಿದರಾಯಿತು.