ಬಲಗಡೆಯ ಮೂಲೆ

ಇಂಡಿ ಊರಿನ ಸಿಕಂದರನ ಪ್ಲೈವುಡ್ ಕಾರ್ಖಾನೆಯಲ್ಲಿ ರುಕ್ಮವ್ವ ಆರು ವರ್ಷದಿಂದ ಮರದ ಪದರಗಳನ್ನು ಒತ್ತಿ ಅಂಟಿಸುವ ಬಿಸಿ ಪ್ರೆಸ್ಸಿನ ಮುಂದೆ ನಿಂತವಳು. ಪ್ರೆಸ್ಸು ಬಾಯಿ ತೆರೆದಾಗಲೆಲ್ಲ ಡ್ರಮ್ಮಿನಲ್ಲಿ ಬರುವ ರಾಸಾಯನಿಕ ಅಂಟಿನ ಹೊಗೆ ಕಣ್ಣಿಗೆ ಖಾರ ಎರಚಿದಂತೆ ಹೊಡೆಯುತ್ತಿತ್ತು. ಸೆರಗಿನಿಂದ ಒರೆಸಿ ಒರೆಸಿ ಅವಳ ರೆಪ್ಪೆಗೂದಲೇ ಉದುರಿಹೋಗಿತ್ತು. ಈಗ ಅಂಟಿನ ಸಂಶೋಧನೆ ಮಾಡುವ ಮೆಹರುನ್ನಿಸಾ ಮೇಡಂ ಎಣ್ಣೆ ತೆಗೆದ ಶೇಂಗಾ ಹಿಂಡಿಯಿಂದ ಹೊಸ ಅಂಟು ಮಾಡಿದ್ದರು. ಹೊಗೆಯಿಲ್ಲ. ಬಿಸಿನೀರಿಗೆ ಬಿಡುವುದಿಲ್ಲ, ಹಲಗೆ ಹಳೆಯದಾದ ಮೇಲೆ ಹುಳಿ ನೀರಿನಲ್ಲಿ ನೆನೆಸಿದರೆ ಮಾತ್ರ ಬಿಡುತ್ತದೆ, ಪದರಗಳನ್ನು ಮತ್ತೆ ಬಳಸಬಹುದು.

ಇವತ್ತು ಪರೀಕ್ಷೆ. ಬೆಳಿಗ್ಗೆ ಒತ್ತಿದ ಹಲಗೆ ಹಂಡೆಯ ನೀರಿನಲ್ಲಿ ಬಿಚ್ಚದೆ ಮೂರು ತಾಸು ಕುದಿಯಬೇಕು.

"ಬಿಚ್ಚಿತಂದ್ರ ಹಳೇ ಅಂಟಿನ ಡ್ರಮ್ಮ ತಗೀತೇನ್ರಿ ಮೇಡಂ. ಸಾಲಿ ಬೆಂಚಿನ ಕೆಲಸ ಇವತ್ತ ಶುರು ಆಗಬೇಕು," ಎಂದ ಸಿಕಂದರ.

"ಬಿಚ್ಚಿದ್ರ ಡ್ರಮ್ಮಿನ ಮುಚ್ಚಳ ನಾನ ತಗೀತೇನಿ," ಎಂದರು ಮೇಡಂ.

ಎರಡು ತಾಸಿಗೆ ಹಲಗೆಯ ಒಂದು ಮೂಲೆ ಬಾಯಿಬಿಟ್ಟಿತು. ಪದರಗಳು ನೆನೆದ ಪುಸ್ತಕದ ಹಾಳೆಯಂತೆ ಬಿಡಿಬಿಡಿಯಾದವು. ಸಿಕಂದರ ನಟ್ಟು ಬಿಚ್ಚುವ ಪಾನಾ ತೆಗೆದುಕೊಂಡು ಡ್ರಮ್ಮಿನ ಕಡೆ ನಡೆದ.

ರುಕ್ಮವ್ವ ಬಿಚ್ಚಿದ ಮೂಲೆಯನ್ನು ಬಗ್ಗಿ ನೋಡಿದಳು. ಬಲಗಡೆಯ ಮೂಲೆ. ಹೊಸ ಟ್ರ್ಯಾಕ್ಟರಿನ ಗಾಲಿಗೆ ನಿಂಬೆಹಣ್ಣು ಕೊಡುವಂತೆ, ಬೆಳಿಗ್ಗೆ ಅವಳು ಪ್ರೆಸ್ಸಿನ ಬಾಯಿಗೂ ಒಂದು ಕೊಟ್ಟಿದ್ದಳು. ರಸ ಅಂಟು ಹಚ್ಚಿದ ಪದರದ ಮೇಲೆ ಹರಿದಿತ್ತು. ಒರೆಸಿದರೆ ಆಯಿತು ಎಂದುಕೊಂಡಿದ್ದಳು. ಹುಳಿಗೆ ಈ ಅಂಟು ಬಿಡುತ್ತದೆ ಎಂಬ ನೆನಪೇ ಆಗಿರಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ ಹೊಗೆ ಬರುತ್ತದೆ.

ಡ್ರಮ್ಮಿನ ನಟ್ಟು ಕಿರ್ ಎಂದಿತು.

"ಸಿಕಂದರಣ್ಣಾ, ಪಾನಾ ಕೆಳಗಿಡ್ರಿ. ಮುಂಜಾನೆ ನಾ ಪ್ರೆಸ್ಸಿನ್ಯಾಗ ನಿಂಬಿಹಣ್ಣ ಒಡದೇನಿ."

"ನನ್ನ ಮಷೀನ್ಯಾಗ?"

"ಹೊಸಾ ಅಂಟು, ಯಾರದರ ಕಣ್ಣ ತಾಗಬಾರ್ದಂತ. ಬಲಗಡಿ ಮೂಲ್ಯಾಗ."

"ತಾಗಿದ್ದ ನಿಂದ ಕಣ್ಣ."

ಮೆಹರುನ್ನಿಸಾ ಪರೀಕ್ಷೆಯ ಟಿಪ್ಪಣಿ ಪುಸ್ತಕ ಮುಚ್ಚಿ ಎದ್ದರು. "ಎಷ್ಟ ಹಣ್ಣ?"

"ಒಂದರಿ."

"ಸಣ್ಣದೋ, ದೊಡ್ಡದೋ?"

"ಇಂಡಿ ಹಣ್ಣರಿ. ರಸ ಭಾಳ."

ಮೇಡಂ ನಗಲಿಲ್ಲ. "ಆ ಮೂಲಿ ಕೊಯ್ದ ಒಗೀರಿ. ಉಳದದ್ದು ಮತ್ತ ಮೂರ ತಾಸು ಕುದೀಲಿ."

"ಸಂಜಿ ಅಕ್ಕೈತ್ರಿ," ಎಂದ ಸಿಕಂದರ.

"ಆಗಲಿ."

ಸಿಕಂದರ ಪಾನಾ ಕೈಯಲ್ಲೇ ಹಿಡಿದು ಡ್ರಮ್ಮಿನ ಮೇಲೆ ಕೂತ. ಐದಕ್ಕೆ ಉಳಿದವರು ಹೋದರು, ರುಕ್ಮವ್ವ ಹೋಗಲಿಲ್ಲ. ಹಲಗೆ ಹಂಡೆಯ ಗೋಡೆಗೆ ಟಕ್ ಎಂದು ಬಡಿದಾಗಲೆಲ್ಲ ಬಗ್ಗಿ ನೋಡುತ್ತಿದ್ದಳು. ಉಗಿಯಲ್ಲಿ ಏನೂ ಕಾಣುತ್ತಿರಲಿಲ್ಲ.

ಮೂರು ತಾಸು ತುಂಬಿದ ಮೇಲೆ ಮೇಡಂ ಹಲಗೆ ಎತ್ತಿ ಸಿಕಂದರನ ಮುಂದಿಟ್ಟು ಚಾಕು ಕೊಟ್ಟರು. ಅವನು ನಾಲ್ಕೂ ಅಂಚಿಗೆ ಮೊನೆ ತುರುಕಿ ನೋಡಿದ. ಪದರ ಬಿಡಲಿಲ್ಲ, ಮೊನೆ ಬಾಗಿತು. ಇನ್ನೊಮ್ಮೆ ತುರುಕಿದ. ಆಮೇಲೆ ಡ್ರಮ್ಮಿನ ನಟ್ಟು ಮತ್ತೆ ಬಿಗಿದ.

"ಹಿಂಡಿ ಅಂಟು ತಗೊಂಡ ಬಾ ರುಕ್ಮವ್ವಕ್ಕ, ಶುರು ಮಾಡೂಣು," ಎಂದ. "ಮದ್ಲ ಕೈ ತೊಳಕೋ. ಸೆರಗೂ ತೊಳಕೋ."