ದೊಡ್ಡವ್ವನ ಸಾಕ್ಷಿ

"ಹಂಗ ಅನ್ನಾಕ ನನಗ ಬಾಯಿ ಬರೂದಿಲ್ಲರಿ," ಎಂದಳು ಗುರುಲಿಂಗವ್ವ.

ಹುನಗುಂದದ ಕೋರ್ಟಿನ ಕಟ್ಟೆಯ ಮೇಲೆ ವಕೀಲೆ ಶೀಲಾ ಬೆಳಗಿನಿಂದ ಅವಳಿಗೆ ಒಂದನ್ನೇ ತಿಳಿಹೇಳುತ್ತಿದ್ದರು: ಮಾಲತಿ ತನ್ನ ಬಂಧುವಲ್ಲವೆಂದು ಅವಳು ಕಟಕಟೆಯಲ್ಲಿ ಒಪ್ಪಿಕೊಳ್ಳಬೇಕು. ಮಾಲತಿ ಬಾಂಗ್ಲಾದೇಶದ ನೇಕಾರಳು. ಎರಡು ಸಾವಿರದ ಒಂದರ ಗಲಭೆಯಲ್ಲಿ ಅವಳ ಗಂಡನನ್ನು ಕೊಂದು, ಮಗ್ಗದ ಮನೆಗೆ ಬೆಂಕಿ ಹಚ್ಚಿದ್ದರು. ಇಳಕಲ್ಲಿಗೆ ಬಂದು ಗುರುಲಿಂಗವ್ವನ ಮನೆ ಸೇರಿದಾಗ ಬೆನ್ನಿನ ಸುಟ್ಟ ಗಾಯ ಇನ್ನೂ ಮಾಗಿರಲಿಲ್ಲ. ಸೀರೆಯ ಒಡಲಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುವಾಗ ಎದುರು ಕೂರುವವಳು ಬರಬರುತ್ತ ಅವಳೇ ಆದಳು. ಪೊಲೀಸರು ವಿಚಾರಿಸಲು ಬಂದಾಗ ಗುರುಲಿಂಗವ್ವ, ನನ್ನ ತಂಗಿಯ ಮಗಳು, ಸೊಲ್ಲಾಪುರದವಳು ಎಂದು ಹೇಳಿ ಹೆಬ್ಬೆಟ್ಟು ಒತ್ತಿದಳು. ಓಣಿಯವರೆಲ್ಲ ಅದನ್ನೇ ಹೇಳಿದರು. ಮನೆಯ ಮಗ್ಗಕ್ಕೆ ಕೈ ಹಚ್ಚಿದವರು ಮನೆಯವರೇ. ಅದರಲ್ಲಿ ಅವರಿಗೆ ಸುಳ್ಳು ಕಂಡಿರಲಿಲ್ಲ.

ಈಗ ಆ ಮಾತೇ ಮುಳುವಾಗಿತ್ತು. ಗುರುತು ಮುಚ್ಚಿಟ್ಟ ಪರದೇಶದವಳೆಂದು ಮಾಲತಿಯನ್ನು ಹಿಡಿದು, ಗಡಿಯಾಚೆ ಕಳಿಸಲು ಹೊರಟಿದ್ದರು.

"ಜೀವ ಉಳಿಸ್ಕೊಳ್ಳಾಕ ಓಡಿ ಬಂದವರಿಗಂತ ನಮ್ಮಲ್ಲಿ ಕಾಯಿದೇನ ಇಲ್ಲ ಯವ್ವಾ," ಎಂದರು ಶೀಲಾ. "ಅಲ್ಲಿ ಹೋದ್ರ ಆಕಿ ಉಳಿಯೂದಿಲ್ಲ ಅಂತ ನಾವ ತೋರಸಬೇಕು. ಆ ಗಾಯ ಕಂಡಾಕಿ ನೀ ಒಬ್ಬಾಕಿನ. ಇನ್ನೂ ಸೊಲ್ಲಾಪುರದ ತಂಗಿ ಮಗಳು ಅಂದ್ರ ನಿನ್ನ ಮಾತು ಯಾರೂ ನಂಬೂದಿಲ್ಲ."

ಗುರುಲಿಂಗವ್ವ ಕಟಕಟೆ ಹತ್ತಿದಳು. ಬೆನ್ನಿಗೆ ತಾನೇ ಎಣ್ಣೆ ಸವರಿದ್ದನ್ನು, ನಿದ್ದೆಯಲ್ಲಿ ಮಾಲತಿ ಚೀರುತ್ತಿದ್ದುದನ್ನು ಹೇಳಿದಳು. ಹಾಗಾದರೆ ಆಕೆ ನಿನಗೆ ಏನಾಗಬೇಕು ಎಂದು ಸರ್ಕಾರಿ ವಕೀಲರು ಕೇಳಿದರು.

"ಏನೂ ಆಗಬೇಕಿಲ್ಲರಿ. ಆಕಿ ನಮ್ಮಾಕಿ ಅಲ್ಲ."

ಪೊಲೀಸರ ನಡುವೆ ನಿಂತಿದ್ದ ಮಾಲತಿ ತಲೆ ಎತ್ತಿದಳು. ಅವಳು ಕನ್ನಡ ಕಲಿತದ್ದು ಗುರುಲಿಂಗವ್ವನ ಬಾಯಿಂದಲೇ. ಹೀಗೆ ಯಾಕೆ ಹೇಳಬೇಕಾಯಿತೆಂದು ಅವಳಿಗೆ ಯಾರೂ ತಿಳಿಸಿರಲಿಲ್ಲ.

ಕಳಿಸುವುದನ್ನು ಸದ್ಯಕ್ಕೆ ತಡೆದು, ಮುಂದಿನ ವಿಚಾರಣೆಯವರೆಗೆ ಜೈಲಿನಲ್ಲೇ ಇರಲಿ ಎಂದು ಆದೇಶವಾಯಿತು. ಇಷ್ಟಾದರೂ ಆಯಿತಲ್ಲ ಎಂದರು ಶೀಲಾ.

ಭೇಟಿಯ ದಿನ ಗುರುಲಿಂಗವ್ವ ಬಿಸಿ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಜೈಲಿಗೆ ಹೋದಳು. ಒಳಗೆ ಬಿಡುವುದು ಬಂಧುಗಳನ್ನಷ್ಟೇ. ಇಷ್ಟು ದಿನ ಅವಳು ದೊಡ್ಡವ್ವ ಎಂದು ಬರೆಸಿ ಹೋಗುತ್ತಿದ್ದಳು. ಬಾಗಿಲ ಪೇದೆ ಬೀರಲಿಂಗಪ್ಪ, "ಏನ್ ದೊಡ್ಡವ್ವ, ಮಗಳಿಗಷ್ಟ ರೊಟ್ಟಿ, ನಮಗ ಇಲ್ಲೇನು?" ಎಂದು ಕಾಡುತ್ತಿದ್ದ.

ಸಾಕ್ಷಿಯ ದಿನ ಕೋರ್ಟಿಗೆ ಮಾಲತಿಯನ್ನು ಕರೆತಂದವರಲ್ಲಿ ಅವನೂ ಇದ್ದ. ಈಗ ಗುರುಲಿಂಗವ್ವನ ಮುಖ ನೋಡದೆ ಪೆನ್ನು ತೆರೆದ.

"ಏನಾಗಬೇಕಂತ ಬರೀಲಿ?"

ಗುರುಲಿಂಗವ್ವ ಏನೂ ಬರೆಸದೆ ಬಾಗಿಲಿನಿಂದ ಹಿಂದೆ ಸರಿದಳು. ಬಿಸಿಗೆ ರೊಟ್ಟಿ ಬೆವರೀತೆಂದು ಬುತ್ತಿಯ ಗಂಟನ್ನು ತುಸು ಸಡಿಲಿಸಿ, ಗೋಡೆಯ ನೆರಳಿನಲ್ಲಿ ಕೂತಳು.