ಇಪ್ಪತ್ತು ಗ್ರಾಂ

ಯಶವಂತಪುರದ ಮಾರ್ಕೆಟ್ ಯಾರ್ಡಿನಲ್ಲಿ ಇಪ್ಪತ್ತೆರಡು ವರ್ಷ ತೂಕದಾರನಾಗಿದ್ದವನು ನಾನು. ಈರುಳ್ಳಿ, ಆಲೂಗಡ್ಡೆ ಮೂಟೆಗಳ ನಡುವೆ ನಿಂತು ಕಲಿತದ್ದು ಒಂದೇ ವಿದ್ಯೆ. ಬಾಯಿ ಏನು ಬೇಕಾದರೂ ಹೇಳಲಿ, ತಕ್ಕಡಿಯ ಮುಳ್ಳನ್ನು ನೋಡು. ವ್ಯಾಪಾರಿ ಆಣೆ ಇಡುತ್ತಿದ್ದ, ಮಾಲು ತಂದವನು ಗೊಣಗುತ್ತಿದ್ದ, ನಾನು ಮುಳ್ಳು ನೋಡಿ ತೂಕ ಕೂಗಿಬಿಡುತ್ತಿದ್ದೆ. ಈ ಚಾಳಿ ಮನೆಗೂ ಬಂತು. ಹೆಂಡತಿ ರಂಜನಿ ಮೈ ಬೆಚ್ಚಗಿದೆ ಅಂದರೆ ಥರ್ಮಾಮೀಟರ್ ತೋರಿಸು ಅನ್ನುತ್ತಿದ್ದೆ. ಅವಳು ಅದನ್ನು ಇವತ್ತಿಗೂ ಮರೆತಿಲ್ಲ.

ಮೊಣಕಾಲು ಕೈಕೊಟ್ಟ ಮೇಲೆ ಯಾರ್ಡು ಬಿಟ್ಟೆ. ಅಬ್ಬಿಗೆರೆಯಲ್ಲಿ ಊಟದ ಡಬ್ಬಿ ತೊಳೆಯುವ ಶೆಡ್ಡು ಶುರುವಾದಾಗ ಅಲ್ಲಿನ ಮಷಿನ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿಕೊಂಡೆ. ಪ್ಲಾಸ್ಟಿಕ್ ಕವರು, ಥರ್ಮೋಕೋಲ್ ತಟ್ಟೆ ಯಾವುದೂ ಇಲ್ಲದೆ ಊಟ ಕಳಿಸುವ ಕಂಪನಿ ಇದು. ಎರಡು ಅಡುಗೆಮನೆಗಳಿವೆ. ಒಂದರ ಊಟ ಹೆಬ್ಬಾಳದ ಆಫೀಸುಗಳಿಗೆ, ಇನ್ನೊಂದರದು ಗಂಗಾನಗರದ ಮನೆಗಳಿಗೆ ಹೋಗುತ್ತದೆ. ಉಂಡವರು ಸ್ಟೀಲ್ ಡಬ್ಬಿಯನ್ನು ತಮ್ಮ ಬೀದಿಯಲ್ಲಿಟ್ಟಿರುವ ಪೆಟ್ಟಿಗೆಗೆ ಹಾಕಬೇಕು. ಪೆಟ್ಟಿಗೆ ಡಬ್ಬಿಯ ತಳದಲ್ಲಿರುವ ಚಿಪ್ ಓದಿ, ಬಾಗಿಲು ತೆಗೆದು ಒಳಗೆ ಎಳೆದುಕೊಳ್ಳುತ್ತದೆ. ನಾಲ್ಕು ಗಂಟೆಗೆಲ್ಲ ಜಹೀರ್ ತನ್ನ ಟೆಂಪೋದಲ್ಲಿ ಅವನ್ನೆಲ್ಲ ತಂದು ಶೆಡ್ಡಿಗೆ ಇಳಿಸುತ್ತಾನೆ.

ಅಲ್ಲಿಂದ ಮುಂದೆ ನನ್ನ ಮಷಿನ್. ಬೆಲ್ಟಿನ ಮೇಲೆ ಬರುವ ಡಬ್ಬಿಯನ್ನು ಮುಚ್ಚಳ ಹಾಕಿದ್ದ ಹಾಗೇ ಸೆನ್ಸರ್ ತೂಗುತ್ತದೆ. ಖಾಲಿ ಡಬ್ಬಿ ಎಷ್ಟು ತೂಗಬೇಕು ಅಂತ ಅದಕ್ಕೆ ಗೊತ್ತು. ಅದಕ್ಕಿಂತ ಇಪ್ಪತ್ತು ಗ್ರಾಂ ಹೆಚ್ಚಾದರೆ ಕೆಂಪು ದೀಪ ಹತ್ತುತ್ತದೆ, ಊಟ ಉಳಿದಿದೆ ಅಂತ ಅರ್ಥ. ಒಂದು ಕಬ್ಬಿಣದ ತೋಳು ಬಂದು ಡಬ್ಬಿಯನ್ನು ಪಕ್ಕದ ದಾರಿಗೆ ತಳ್ಳುತ್ತದೆ. ಅಲ್ಲಿ ಮುಚ್ಚಿದ ಗೂಡಿನೊಳಗೆ ಮಷಿನ್ನೇ ಮುಚ್ಚಳ ಬಿಚ್ಚಿ, ಬೋರಲು ಹಾಕಿ, ಇದ್ದದ್ದನ್ನು ಡ್ರಮ್ಮಿಗೆ ಸುರಿಯುತ್ತದೆ. ಡ್ರಮ್ಮು ಸೀಲಾಗಿ ಗೊಬ್ಬರದ ಗ್ಯಾಸ್ ಘಟಕಕ್ಕೆ ಹೋಗುತ್ತದೆ. ತೂಕ ಇಪ್ಪತ್ತರೊಳಗಿದ್ದರೆ ಹಸಿರು ದೀಪ, ಡಬ್ಬಿ ನೇರವಾಗಿ ತೊಳೆಯುವ ಮಷಿನ್ನಿಗೆ. ಎಲ್ಲೂ ಮನುಷ್ಯರ ಕೈ ತಾಗುವುದಿಲ್ಲ. ಗೊಣಗಾಟವಿಲ್ಲ, ಆಣೆಯಿಲ್ಲ. ನನಗಂತೂ ಸ್ವರ್ಗವೇ ಸಿಕ್ಕಿದ ಹಾಗಾಗಿತ್ತು.

ನನ್ನ ಮಧ್ಯಾಹ್ನದ ಊಟವೂ ಗಂಗಾನಗರಕ್ಕೆ ಹೋಗುವ ಅಡುಗೆಮನೆಯದೇ. ಅದನ್ನು ನಡೆಸುವವರು ಮಾರಮ್ಮ. ಅಬ್ಬಿಗೆರೆ ಹಳ್ಳಿಯಾಗಿದ್ದ ಕಾಲದಿಂದ ಅಲ್ಲೇ ಇರುವ ಮನೆತನ, ಮದುವೆ ಅಡುಗೆಯಲ್ಲಿ ಪಳಗಿದ ಕೈ. ಮದುವೆಗಳೆಲ್ಲ ದೊಡ್ಡ ಕಾಂಟ್ರಾಕ್ಟರುಗಳ ಪಾಲಾದ ಮೇಲೆ ಹತ್ತು ವರ್ಷ ಸೌಟು ಮೂಲೆಗಿಟ್ಟು ಕೂತಿದ್ದರು. ಈ ಅಡುಗೆಮನೆ ಸಿಕ್ಕಿದ ದಿನ ಒಲೆಗೆ ಪೂಜೆ ಮಾಡಿ ನಮಗೆಲ್ಲ ಪಾಯಸ ಕೊಟ್ಟು, "ಇನ್ ಸಾಯೋಗಂಟ ಇಲ್ಲೇ ಕನಪ್ಪ" ಅಂದಿದ್ದರು. ಅವರ ಬಸ್ಸಾರು ಉಂಡರೆ ಡಬ್ಬಿಯನ್ನು ಬೆರಳಲ್ಲಿ ಬಳಿಯದೆ ಬಿಡಲಾಗುವುದಿಲ್ಲ. ನಾನು ಬಳಿದು ತಿಂದು, ನಲ್ಲಿಗೆ ಹಿಡಿದು, ಒರೆಸಿ ಬೆಲ್ಟಿಗೆ ಇಡುತ್ತಿದ್ದೆ. ಐದು ತಿಂಗಳಿಂದ ನನ್ನ ಡಬ್ಬಿಯ ಲೆಕ್ಕ ಸೊನ್ನೆ. ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ಆದರೆ ಗಂಗಾನಗರದ ಡಬ್ಬಿಗಳು ಬೇರೆಯೇ ಕಥೆ ಹೇಳುತ್ತಿದ್ದವು. ಮೊದಲ ತಿಂಗಳು ನೂರಕ್ಕೆ ಹನ್ನೆರಡಕ್ಕೆ ಕೆಂಪು ದೀಪ. ಆಮೇಲೆ ಇಪ್ಪತ್ತು, ಇಪ್ಪತ್ತೇಳು, ಮೂವತ್ತಮೂರು. ಐದನೆಯ ತಿಂಗಳು ಮೂವತ್ತೆಂಟು. ಹೆಬ್ಬಾಳದ ಆಫೀಸಿನವು ಐದನ್ನು ದಾಟಿದ್ದಿಲ್ಲ. ಸತತ ಎರಡು ತಿಂಗಳು ನೂರಕ್ಕೆ ಮೂವತ್ತು ಮೀರಿದ ಅಡುಗೆಮನೆಯನ್ನು ಬದಲಾಯಿಸಬೇಕು ಅನ್ನುವುದು ಕಂಪನಿಯ ನಿಯಮ. ಪ್ರತಿ ತಿಂಗಳೂ ನಾನು ಮಾರಮ್ಮನಿಗೆ ಎಚ್ಚರಿಕೆ ಹೇಳುತ್ತಿದ್ದೆ. ಪಾಪ, ಅವರು ಖಾರ ತಗ್ಗಿಸಿದರು, ಸೊಪ್ಪು ತರಲು ಬೆಳಗಿನ ಜಾವ ತಾವೇ ಹೋದರು, ಸಾರಿನ ಪುಡಿಯನ್ನು ಮನೆಯಲ್ಲೇ ಹುರಿದು ಕುಟ್ಟಿದರು. ಅಡುಗೆ ರುಚಿಯಾದಷ್ಟೂ ಕೆಂಪು ದೀಪ ಹೆಚ್ಚಾಯಿತು. ಗಂಗಾನಗರದವರ ನಾಲಿಗೆಗೆ ಏನಾಗಿದೆಯೋ ಎಂದು ನನಗೂ ಸಿಟ್ಟು ಬರುತ್ತಿತ್ತು. ಆದರೂ ಮುಳ್ಳು ಮುಳ್ಳೇ. ಗುರುವಾರ ಬೆಳಿಗ್ಗೆ ವರದಿ ಬರೆದು ಆಫೀಸಿಗೆ ಕಳಿಸಿದೆ. ಸಂಯುಕ್ತಾ ಮೇಡಂ ಅಂತ ಒಬ್ಬರು ಇಂಜಿನಿಯರ್ ಅಲ್ಲಿ ಇದನ್ನೆಲ್ಲ ನೋಡುತ್ತಾರೆ. ಒಂದನೇ ತಾರೀಕಿನಿಂದ ಮಾರಮ್ಮನ ಅಡುಗೆಮನೆ ನಿಲ್ಲಿಸುವುದು ಅಂತ ಮಧ್ಯಾಹ್ನವೇ ಉತ್ತರ ಬಂತು.

ಹೇಳುವ ಕೆಲಸ ನನ್ನ ತಲೆಗೆ ಬಿತ್ತು. ಹೇಗೆ ಬಾಯಿ ಬಿಡಲಿ ಅಂದುಕೊಳ್ಳುವಷ್ಟರಲ್ಲಿ ನಾಲ್ಕು ಗಂಟೆಗೆ ಅವರೇ ಶೆಡ್ಡಿಗೆ ಬಂದರು. ಜಹೀರ್ ಡಬ್ಬಿ ಇಳಿಸಿ ಹೋಗಿದ್ದ, ಬೆಲ್ಟು ಓಡುತ್ತಿತ್ತು. ನಾನು ಕಾಗದ ತೋರಿಸಿ ವಿಷಯ ಹೇಳಿದೆ. ಮಾರಮ್ಮ ಕಾಗದ ಮುಟ್ಟಲಿಲ್ಲ.

"ಏನ್ ಉಳ್ಸವ್ರೆ?" ಅಂದರು.

"ಊಟ ಅಕ್ಕಾ. ನೂರಕ್ಕೆ ಮೂವತ್ತೆಂಟು."

"ಅದಲ್ಲ ಪ್ರಕಾಸಪ್ಪ. ಅನ್ನ ಉಳ್ಸವ್ರಾ, ಪಲ್ಯ ಉಳ್ಸವ್ರಾ? ಸಾರು ಉಳ್ಸವ್ರಾ?"

"ಅದನ್ನ ಮಷಿನ್ ಹೇಳಲ್ಲ. ತೂಕ ಹೇಳುತ್ತೆ."

"ಮದ್ವೆ ಮನೇಲಿ ಪಂಕ್ತಿ ಎದ್ದ ಮ್ಯಾಕೆ ನಾನು ಎಲೆ ನೋಡ್ಕೊಂಡು ಬತ್ತಿದ್ದೆ. ಎಲ್ಲಾ ಎಲೇಲೂ ಕೋಸಂಬ್ರಿ ಬಿದ್ದಿದ್ರೆ ಉಪ್ಪು ಜಾಸ್ತಿ ಆಗೈತೆ ಅಂತ. ಎಲೆ ನೋಡ್ದೆ ಅಡ್ಗೆ ಸರಿಯಿಲ್ಲ ಅಂತ ಎಂಗಪ್ಪ ಏಳ್ತೀಯ ನೀನು?"

"ಸೆನ್ಸರ್ ಸುಳ್ಳು ಹೇಳಲ್ಲ ಅಕ್ಕಾ."

"ನಾನು ಸುಳ್ಳು ಅಂದ್ನಾ? ತೆಗ್ದು ತೋರ್ಸು ಅಂದೆ. ಏನ್ ತೆಪ್ಪು ಅಂತ ಗೊತ್ತಾಗ್ಲಿ, ನಾನೇ ಓಯ್ತೀನಿ."

ನನಗೆ ರೇಗಿತು. ಇಂಥ ಮಾತು ಯಾರ್ಡಿನಲ್ಲಿ ಸಾವಿರ ಸಲ ಕೇಳಿದ್ದೇನೆ. ಬಾಯಿ ಮುಚ್ಚಿಸಲು ಒಂದೇ ದಾರಿ, ತೆಗೆದು ತೋರಿಸುವುದು. ಸುರಿಯುವ ಗೂಡಿನ ಸ್ವಿಚ್ ಆರಿಸಿ, ಪಕ್ಕದ ದಾರಿಯಲ್ಲಿ ಸಾಲು ನಿಂತಿದ್ದ ಕೆಂಪು ದೀಪದ ಡಬ್ಬಿಯೊಂದನ್ನು ಎತ್ತಿ ಅವರ ಮುಂದಿಟ್ಟು, "ನೋಡಿ, ನೀವೇ ನೋಡಿ" ಅಂತ ಮುಚ್ಚಳ ಎಳೆದೆ.

ಡಬ್ಬಿ ತೊಳೆದು ಫಳಫಳ ಅನ್ನುತ್ತಿತ್ತು. ಒಳಗೊಂದು ಬೆಲ್ಲದ ಅಚ್ಚು ಇತ್ತು.

ಎರಡನೆಯದನ್ನು ತೆಗೆದೆ. ಎರಡು ಏಲಕ್ಕಿ ಬಾಳೆಹಣ್ಣು. ಮೂರನೆಯದರಲ್ಲಿ ವೀಳ್ಯದೆಲೆ, ಎರಡು ಬಟ್ಟಲಡಿಕೆ, ಅರಿಸಿನದ ಕೊಂಬು. ಮುಂದಿನದರಲ್ಲಿ ಪೇಪರಿನಲ್ಲಿ ಸುತ್ತಿದ ನಾಲ್ಕು ಚಕ್ಕುಲಿ. ಇನ್ನೊಂದರಲ್ಲಿ ಒಂದು ಹಿಡಿ ಸಕ್ಕರೆ, ಅದರ ಮೇಲೊಂದು ಮಲ್ಲಿಗೆಯ ತುಂಡು. ನಾನು ಒಂದೊಂದಾಗಿ ತೆಗೆಯುತ್ತಾ ಹೋದೆ. ಅವತ್ತಿನ ಕೆಂಪು ದೀಪದ ಡಬ್ಬಿ ನಲವತ್ತೊಂದು. ನಿಜವಾಗಿ ಊಟ ಉಳಿದದ್ದು ಮೂರರಲ್ಲಿ, ಮೂರರಲ್ಲೂ ಹಾಗಲಕಾಯಿ ಪಲ್ಯ.

"ಇದು ನಂದೇ ತೆಪ್ಪು" ಅಂದರು ಮಾರಮ್ಮ. "ಕಹಿ ಬುಟ್ಟಿಲ್ಲ. ಇನ್ನೊಂದೀಟು ಉರೀಬೇಕಿತ್ತು."

ಸೆರಗೊಡ್ಡಿ ಬೆಲ್ಲ, ಹಣ್ಣು, ಎಲೆ ಅಡಿಕೆ ಎಲ್ಲವನ್ನೂ ತುಂಬಿಕೊಂಡರು. ಆಮೇಲೆ ಸುರಿಯುವ ಗೂಡಿನ ಕಡೆ ನೋಡಿದರು.

"ಐದು ತಿಂಗಳಿಂದ ಬಂದಿದ್ದೆಲ್ಲಾ ಎಲ್ಲೋಯ್ತು ಪ್ರಕಾಸಪ್ಪ?"

"ಡ್ರಮ್ಮಿಗೆ" ಅಂದೆ.

ಅವರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಾನು ಆ ಜನಾನ ಏನೇನೋ ಅಂದ್ಕೊಂಬುಟ್ಟೆ" ಅಂತ ತಮ್ಮಷ್ಟಕ್ಕೆ ಹೇಳಿಕೊಂಡು, ಸೆರಗನ್ನು ಜೋಪಾನವಾಗಿ ಹಿಡಿದು ಹೊರಟರು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಪಾತ್ರೆಯನ್ನು ಖಾಲಿ ಹಿಂತಿರುಗಿಸಬಾರದು ಅನ್ನುವುದು ನನಗೆ ಗೊತ್ತಿಲ್ಲದ ಸಂಗತಿಯೇ? ಪಕ್ಕದ ಮನೆಯಿಂದ ಬಂದ ಹುಳಿಯ ಬಟ್ಟಲಿಗೆ ನಮ್ಮಮ್ಮ ಚೂರು ಬೆಲ್ಲವನ್ನಾದರೂ ಹಾಕಿ ಕೊಡುತ್ತಿದ್ದಳು, ಕೊಟ್ಟು ಬರುತ್ತಿದ್ದವನು ನಾನೇ. ಆ ಬುದ್ಧಿಯನ್ನೆಲ್ಲ ಮಷಿನ್ ಮುಂದೆ ಅಡವಿಟ್ಟಿದ್ದೆ.

ಸಂಯುಕ್ತಾ ಮೇಡಂಗೆ ಫೋನ್ ಮಾಡಿದೆ. ನನ್ನ ಮಗಳ ವಯಸ್ಸಿನ ಹುಡುಗಿ, ತಾಳ್ಮೆಯಿಂದ ಕೇಳಿದರು.

"ಅಂಕಲ್, ಒಂದೇ ದಿನ ನೋಡಿ ರಿಪೋರ್ಟ್ ಕ್ಯಾನ್ಸಲ್ ಮಾಡೋಕಾಗಲ್ಲ. ಇವತ್ತು ಏನೋ ಪೂಜೆ ಗೀಜೆ ಇದ್ದಿರಬಹುದು. ಯಾವಾಗ್ಲೂ ಹಿಂಗೇ ಮಾಡ್ತಾರಾ ಅಂತ ಅವರನ್ನೇ ಕೇಳ್ಕೊಂಡು ಬನ್ನಿ."

ಮರುದಿನ ಮೂರು ಗಂಟೆಗೆ ಜಹೀರನ ಟೆಂಪೋ ಹತ್ತಿ ಗಂಗಾನಗರಕ್ಕೆ ಹೋದೆ. ಪಾರ್ಕಿನ ಪಕ್ಕದಲ್ಲಿ ಹಸಿರು ಬಣ್ಣದ ಪೆಟ್ಟಿಗೆ, ಅದರ ಮೇಲೆ "ದಯವಿಟ್ಟು ಡಬ್ಬಿಯನ್ನು ಖಾಲಿ ಮಾಡಿ ಹಾಕಿ" ಅನ್ನುವ ಬೋರ್ಡು. ಸ್ವಲ್ಪ ಹೊತ್ತಿಗೆ ಎದುರುಮನೆಯ ಹೆಂಗಸೊಬ್ಬರು ಡಬ್ಬಿ ಹಿಡಿದು ಬಂದರು. ಹೆಸರು ಸೀತಾ ಅಂತ ಆಮೇಲೆ ಗೊತ್ತಾಯಿತು, ರಿಟೈರಾದ ಬ್ಯಾಂಕ್ ಉದ್ಯೋಗಿ. ನಾನು ಶೆಡ್ಡಿನವನು ಅಂತ ಹೇಳಿ, ಡಬ್ಬಿಯಲ್ಲಿ ಏನಿದೆ ಅಂತ ಕೇಳಿದೆ.

"ಬಾಳೆಹಣ್ಣು ಕಣ್ರೀ. ಯಾಕೆ, ಇಡಬಾರ್ದಾ?"

"ಬೋರ್ಡಲ್ಲಿ ಖಾಲಿ ಮಾಡಿ ಅಂತಿದೆಯಲ್ಲಮ್ಮ."

"ಊಟ ಖಾಲಿ ಮಾಡಿದೀವಲ್ರೀ! ಅನ್ನ ಹಾಕಿ ಕಳಿಸಿದ ಪಾತ್ರೇನ ಬರಿದು ಹೆಂಗ್ರೀ ಕೊಡೋದು? ಮೊದ್ಲು ನಾನೊಬ್ಳೇ ಇಡ್ತಿದ್ದೆ. ಈಗ ಈ ಬೀದೀಲಿ ಎಲ್ರೂ ಏನಾದ್ರೂ ಇಟ್ಟೇ ಇಡ್ತಾರೆ. ಅಷ್ಟು ಚೆನ್ನಾಗಿ ಮಾಡ್ತಾರೆ ಆಯಮ್ಮ, ಮುಖ ನೋಡಿಲ್ಲ ಅಷ್ಟೆ." ಡಬ್ಬಿಯನ್ನು ಪೆಟ್ಟಿಗೆಗೆ ಹಾಕಿ, ಬಾಗಿಲು ಮುಚ್ಚುವವರೆಗೂ ನಿಂತು ನೋಡಿದರು. "ಹೋದ ತಿಂಗಳು ಮೊಮ್ಮಗಳ ನಾಮಕರಣಕ್ಕೆ ಮಾಡಿದ ಕೊಬ್ಬರಿ ಮಿಠಾಯಿ ಕಳಿಸಿದ್ದೆ. ಅವರಿಗೆ ಸಿಕ್ತಾ?"

"ಸಿಕ್ತಮ್ಮ" ಅಂದೆ. "ಚೆನ್ನಾಗಿತ್ತಂತೆ."

ಇಪ್ಪತ್ತೆರಡು ವರ್ಷದಲ್ಲಿ ಒಂದು ಮೂಟೆಯ ತೂಕವನ್ನೂ ತಪ್ಪು ಕೂಗದವನು ಆ ಬೀದಿಯಲ್ಲಿ ನಿಂತು ಸುಳ್ಳು ಹೇಳಿದೆ. ಆಕೆಯ ಮುಖ ಅರಳಿತು. ಟೆಂಪೋ ಹತ್ತಿದ ಮೇಲೆ ಜಹೀರ್ ನನ್ನನ್ನೇ ನೋಡುತ್ತಿದ್ದ.

"ಏನ್ ಸಾರ್, ಕಣ್ಣಲ್ಲಿ ನೀರು?"

"ಧೂಳು ಮಾರಾಯ. ಗಾಡಿ ಬಿಡು."

ಟೆಂಪೋದಿಂದಲೇ ಸಂಯುಕ್ತಾ ಮೇಡಂಗೆ ಎಲ್ಲ ಹೇಳಿದೆ. "ನಮ್ಮಜ್ಜೀನೂ ಹಂಗೇ ಮಾಡ್ತಾರೆ ಅಂಕಲ್. ನನಗೆ ಯಾಕೆ ಹೊಳೀಲಿಲ್ಲ?" ಅಂದರು. ಹಳೆಯ ವರದಿ ರದ್ದಾಯಿತು. ಮಾರಮ್ಮನ ಅಡುಗೆಮನೆ ಉಳಿಯಿತು. ಸುರಿಯುವ ಗೂಡು ಬಂದ್. ಕೆಂಪು ದೀಪದ ಡಬ್ಬಿಗಳನ್ನು ಇನ್ನು ಮುಂದೆ ನಾನೇ ತೆಗೆದು ನೋಡಿ, ಊಟ ಉಳಿದಿದ್ದರೆ ಮಾತ್ರ ಬರೆದುಕೊಳ್ಳಬೇಕು ಅಂತ ತೀರ್ಮಾನವಾಯಿತು.

ಮನೆಗೆ ಹೋಗಿ ರಂಜನಿಗೆ ಹೇಳಿದಾಗ ಅವಳು ಹಿಡಿದದ್ದು ನಾನು ಹೇಳದೆ ಬಿಟ್ಟದ್ದನ್ನೇ.

"ನೀವು? ನೀವು ದಿನಾ ಏನಿಟ್ಟು ಕೊಡ್ತಿದ್ರಿ?"

"ನಾನಾ? ತೊಳೆದು ಇಡ್ತಿದ್ದೆ. ಸೊನ್ನೆ ಗ್ರಾಂ."

"ಥೂ ನಿಮ್ಮ! ಐದು ತಿಂಗಳು ಆಯಮ್ಮನ ಕೈಯೂಟ ಉಂಡು ಖಾಲಿ ಡಬ್ಬಿ ಕೊಟ್ರಾ? ಅದನ್ನ ಜಂಬದಿಂದ ಬೇರೆ ಹೇಳ್ತಾರೆ" ಅಂತ ಹಣೆ ಚಚ್ಚಿಕೊಂಡಳು. ಬೆಳಿಗ್ಗೆ ಹೊರಡುವಾಗ ಒಂದು ತುಂಡು ಬೆಲ್ಲವನ್ನು ಪೇಪರಿನಲ್ಲಿ ಸುತ್ತಿ ನನ್ನ ಜೇಬಿಗೆ ಹಾಕಿದಳು.

ಶನಿವಾರ ಮಧ್ಯಾಹ್ನ ಉಂಡು, ಡಬ್ಬಿ ತೊಳೆದು ಒರೆಸಿ, ಬೆಲ್ಲ ಒಳಗಿಟ್ಟೆ. ನಾಲ್ಕು ಗಂಟೆಗೆ ಗಂಗಾನಗರದ ಡಬ್ಬಿಗಳು ಬಂದವು. ಅವುಗಳ ಹಿಂದೆಯೇ ನನ್ನದನ್ನೂ ಬೆಲ್ಟಿನ ಮೇಲೆ ಬಿಟ್ಟು, ನನ್ನ ಜೀವನದ ಮೊದಲ ಕೆಂಪು ದೀಪಕ್ಕೆ ಕಾದು ನಿಂತೆ.

ಪರದೆಯ ಮೇಲೆ ಹದಿನೆಂಟು ಗ್ರಾಂ ಅಂತ ಬಂತು. ಹಸಿರು ದೀಪ ಹತ್ತಿತು. ತೋಳು ಅಲುಗಲಿಲ್ಲ. ಖಾಲಿ ಅಂತ ಲೆಕ್ಕ ಹಾಕಿಕೊಂಡು ನನ್ನ ಡಬ್ಬಿಯನ್ನು ಮಷಿನ್ ತೊಳೆಯುವ ಕಡೆಗೆ ಕಳಿಸಿತು.

"ಏಯ್, ಖಾಲಿ ಅಲ್ಲ ಅದು!" ಅಂತ ಕೂಗಿಯೇಬಿಟ್ಟೆ. ಓಡಿಹೋಗಿ ಬೆಲ್ಟು ನಿಲ್ಲಿಸಿದೆ. ನಿಲ್ಲಿಸಿದ ಮೇಲೆ ಸೀತಾ ಅವರ ಮಾತು ನೆನಪಾಯಿತು. ಎಲ್ರೂ ಏನಾದ್ರೂ ಇಟ್ಟೇ ಇಡ್ತಾರೆ ಅಂದಿದ್ದರು. ಎಲ್ಲರೂ ಅಂದರೆ ನೂರಕ್ಕೆ ಮೂವತ್ತೆಂಟಲ್ಲ.

ತೊಳೆಯುವ ಮಷಿನ್ನಿನ ಬಾಯಲ್ಲಿ ಹಸಿರು ದೀಪದ ಡಬ್ಬಿಗಳು ಸಾಲಾಗಿ ನಿಂತಿದ್ದವು. ಮುಂದಿನದನ್ನು ಎತ್ತಿಕೊಂಡೆ, ಕೈಗೆ ಖಾಲಿ ಅಂತಲೇ ಅನ್ನಿಸಿತು. ಮುಚ್ಚಳ ತೆಗೆದೆ. ಮೂಲೆಯಲ್ಲಿ ಒಂದು ಚಮಚ ಸಕ್ಕರೆ. ಅದರ ಹಿಂದಿನದರಲ್ಲಿ ನಾಲ್ಕು ಒಣದ್ರಾಕ್ಷಿ. ಅದರ ಹಿಂದೆ ಒಂದು ಚೂರು ಕಲ್ಲುಸಕ್ಕರೆ. ಮತ್ತೊಂದರಲ್ಲಿ ಒಂದೇ ಒಂದು ಏಲಕ್ಕಿ.

ಐದು ತಿಂಗಳಿಂದ ಬಿಸಿನೀರಲ್ಲಿ ಕೊಚ್ಚಿಹೋದದ್ದೆಷ್ಟು ಅಂತ ಲೆಕ್ಕ ಹಾಕಲು ನನ್ನಿಂದಾಗಲಿಲ್ಲ. ತೊಳೆಯುವ ಮಷಿನ್ನಿನ ಸ್ವಿಚ್ ಆರಿಸಿ ಫೋನ್ ತೆಗೆದೆ.

"ಅಕ್ಕಾ, ಸ್ವಲ್ಪ ಶೆಡ್ಡಿಗೆ ಬನ್ನಿ. ಎಲೆ ನೋಡೋದಿದೆ."

"ಅವತ್ತೇ ನೋಡಿದ್ವಲ್ಲಪ್ಪ?"

"ಅವತ್ತು ಅರ್ಧ ಪಂಕ್ತಿ ಅಷ್ಟೇ ನೋಡಿದ್ದು ಅಕ್ಕಾ. ಬರುವಾಗ ಒಂದು ಪಾತ್ರೆ ತನ್ನಿ, ಸೆರಗು ಸಾಲಲ್ಲ."